ಡಾಕ್ಟರಮ್ಮನ ಪರವಾನಗಿ

ನಾರ್ವೆಯಿಂದ ಅಮೆರಿಕದ ಡಕೋಟಾ ಬಯಲಿಗೆ ವಲಸೆ ಬಂದಿದ್ದ ಸಿಗ್ನೆ, ಸುತ್ತ ಐವತ್ತು ಮೈಲಿಗೆ ಒಬ್ಬಳೇ ಡಾಕ್ಟರು. ಗಂಟಲುಮಾರಿ ಹತ್ತಿದ ಏಳು ಮಕ್ಕಳ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಬರುವಂತೆ ಊರಿನ ಮೇಯರ್ ಪ್ರಿಚೆಟ್ ಅವಳನ್ನು ಕಚೇರಿಗೆ ಕರೆಸಿದ.

"ನಿನ್ನ ಸರ್ಟಿಫಿಕೇಟು ಪರದೇಶದ್ದು, ಇಲ್ಲಿ ನಡೆಯಲ್ಲ. ಇದುವರೆಗೆ ನೀನು ಮಾಡಿದ ಚಿಕಿತ್ಸೆಯೆಲ್ಲ ರದ್ದು," ಎಂದ.

ಸಿಗ್ನೆಗೆ ಮೈಯೆಲ್ಲ ಉರಿಯಿತು. ದನಿ ಮಾತ್ರ ಏರಿಸಲಿಲ್ಲ. ಚೀಲದಿಂದ ಸುತ್ತಿಗೆ ತೆಗೆದು ಮೇಜಿನ ಮೇಲಿಟ್ಟಳು.

"ಹಾಗಾದರೆ ಬಲಗೈ ಚಾಚಿ ಸ್ವಾಮಿ. ಹೋದ ವರ್ಷ ನೀವು ಕುದುರೆಯಿಂದ ಬಿದ್ದಾಗ ಅದರ ಮೂಳೆ ಕೂಡಿಸಿದ್ದು ನಾನೇ. ಈಗ ಮೊದಲಿದ್ದಂತೆ ಮುರಿದು ಕೊಡಬೇಕಲ್ಲ?"

ಪ್ರಿಚೆಟ್ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ.

"ಬೇಗ ಹೇಳಿ. ಅಲ್ಲಿ ಮಕ್ಕಳು ಉಸಿರಿಗೆ ಒದ್ದಾಡುತ್ತಿವೆ."

ಪ್ರಿಚೆಟ್ ತಕ್ಷಣ ಪರವಾನಗಿ ಬರೆಸಿ ಸಹಿ ಹಾಕಿದ, ಎಡಗೈಯಲ್ಲಿ.