ಬೆರಳು ಮುರಿಯುವ ಕೆಲಸ

ಹೊಳೆ ಏರುತ್ತಿತ್ತು. ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಮಂದಿ ಆಶ್ರಮದ ದಂಡೆಯತ್ತ ಕೈ ಬೀಸುತ್ತಿದ್ದರು.

ಅವರನ್ನು ಕರೆತರಲು ಹರಿಗೋಲುಗಳಿದ್ದವು. ಆದರೆ ಬೆಳಗಾಗುತ್ತಲೇ ಅವುಗಳ ಬಳಿ ಒಬ್ಬ ಚೂರಿ ಸಮೇತ ಸಿಕ್ಕಿಬಿದ್ದಿದ್ದ. ದಂಡೆಯ ಊರುಗಳಿಗೆ ಬೆಂಕಿಯಿಡುತ್ತಿದ್ದ ಗುಂಪಿನವನು. ಒಂದು ಹರಿಗೋಲಿನ ತಳ ಸೀಳಿದ್ದೇನೆ, ನಡುಹೊಳೆಯಲ್ಲಿ ಗೊತ್ತಾಗುತ್ತದೆ ಎಂದು ನಗುತ್ತಲೇ ಹೇಳಿದ. ಯಾವುದೆಂದು ಮಾತ್ರ ಹೇಳಲಿಲ್ಲ.

ಶಿಷ್ಯ ಕೇತಯ್ಯ ಹಿಂದೆ ಸಿಪಾಯಿಯಾಗಿದ್ದವನು. ಈಗ ಆಶ್ರಮದಲ್ಲಿ ಊಟ ಬಡಿಸುತ್ತಿದ್ದ. ಕೈಯಲ್ಲಿದ್ದ ಸೌಟಿನೊಂದಿಗೇ ಗುರುವಿನ ಬಳಿ ಓಡಿಬಂದ. ಗುರು ಸೂಗವ್ವ. ಎಲ್ಲರಿಗೂ ಅವ್ವ.

"ಒಂದ್ ಬೆರಳು ಮುರದ್ರ ಸಾಕವ್ವ, ಬಾಯಿ ಬಿಡ್ತಾನ."

"ಬಿಡ್ಲಿಲ್ಲಂದ್ರ?"

"ಇನ್ನೊಂದು."

"ಅವನಿಗಿರೋದು ಹತ್ತ."

ಕೇತಯ್ಯನಿಗೆ ನಗು ಬರಲಿಲ್ಲ. ಒಂದು ಕಡೆ ಕೊಲೆಗಡುಕನ ಬೆರಳು, ಇನ್ನೊಂದು ಕಡೆ ಕೂಸು ಕುನ್ನಿ ಸಮೇತ ಅಷ್ಟು ಜೀವ. ಧರ್ಮ ಯಾವ ಕಡೆಗೆ ತೂಗುತ್ತದೆ ಎಂದು ಕೇಳಿದ. ಚೆನ್ನಾಗಿಯೇ ಕೇಳಿದ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಿರಬೇಕು.

ಅವ್ವ ತಲೆಯಾಡಿಸಿ ಕೈ ಚಾಚಿದಳು. "ಸೌಟು ಕೊಡು."

ಆ ಆಶ್ರಮದ್ದೊಂದು ಪದ್ಧತಿ. ಅವ್ವ ಒಮ್ಮೆ ಕೊಟ್ಟ ಕೆಲಸ ಸಾಯುವ ತನಕ ಪಡೆದವರದೇ. ಹರೆಯದಲ್ಲಿ ಕಸಬರಿಗೆ ಹಿಡಿದವರು ಈಗ ಅದನ್ನೇ ಊರಿಕೊಂಡು ನಡೆಯುತ್ತಿದ್ದರು.

"ಸೌಟು ಬ್ಯಾರೆಯವರಿಗೆ ಕೊಡ್ತೀನಿ," ಎಂದಳು ಅವ್ವ. "ಇವತ್ತಿಂದ ಬೆರಳು ಮುರಿಯೋ ಕೆಲಸ ನಿಂದು."

"ಇವತ್ತೊಂದ್ ದಿನಕ್ಕಷ್ಟ, ಅವ್ವ."

"ನಮ್ಮಲ್ಲಿ ಒಂದ್ ದಿನದ ಕೆಲಸ ಯಾವುದೈತಿ? ನಾಳೆ ಇಂವ ಇರೂದಿಲ್ಲ, ನಿನ್ನ ಕೆಲಸ ಇರ್ತೈತಿ. ಯಾರನ್ನ ತಂದ್ಕೊಡ್ಲಿ?"

ಕೇತಯ್ಯ ಸೌಟು ಬಿಡಲಿಲ್ಲ.

ಹಾಗಾದರೆ ಅವರೆಲ್ಲ ಮುಳುಗಬೇಕೇ ಎಂದು ಕೇಳಿದ. ಯಾರೂ ಮುಳುಗುವುದಿಲ್ಲ ಎಂದು ಅವ್ವ ಹೇಳಲಿಲ್ಲ. ಸೀಳನ್ನು ನಾವೇ ಹುಡುಕಬೇಕು, ಹೊತ್ತು ಹಿಡಿಯುತ್ತದೆ, ಅಪಾಯವೂ ಇದೆ ಎಂದಳು. ಸೀರೆ ಎತ್ತಿಕಟ್ಟಿ ದಂಡೆಗೆ ನಡೆದಳು.

ಹರಿಗೋಲುಗಳನ್ನೆಲ್ಲ ಬಿಸಿಲಿಗೆ ಬೋರಲು ಹಾಕಿದರು. ಒಂದೊಂದರಡಿ ಒಬ್ಬೊಬ್ಬರು ನುಸುಳಿದರು. ಮಂಡಿಯನ್ನು ಬೈಯುತ್ತ ಅವ್ವನೂ ಒಂದರಡಿ ಸೇರಿದಳು.

ಕೇತಯ್ಯನ ಸುತ್ತ ಡಾಂಬರಿನ ವಾಸನೆ, ಕತ್ತಲು. ತಳದಲ್ಲಿ ಎಲ್ಲೂ ಸಂದು ಕಾಣಲಿಲ್ಲ. ಹೊಳೆಯ ನೀರು ಹರಿದುಬಂದು ಹಿಮ್ಮಡಿ ಮುಟ್ಟಿತು. ಆ ಬೆರಳು ಮತ್ತೆ ನೆನಪಾಯಿತು.

ತಲೆಯ ಮೇಲೆ ಕೆಸರು ಮೆತ್ತಿದಂತೆ ಕಂಡ ಜಾಗವನ್ನು ಉಗುರಿನಿಂದ ಕೆರೆದ. ಬೆಳಕಿನ ಎಳೆಯೊಂದು ಮುಂಗೈ ಮೇಲೆ ಬಿತ್ತು.

ಅದೊಂದನ್ನು ಬಿಟ್ಟು ಉಳಿದವೆಲ್ಲ ಹೊಳೆಗಿಳಿದವು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ದಂಡೆ ಸೇರಿದರು. ಕೊನೆಯದಾಗಿ, ಆಡು ಬಿಟ್ಟು ಬರಲೊಲ್ಲೆನೆಂದ ಮುದುಕಿಯೊಬ್ಬಳು, ಅವಳಿಗಿಂತ ಜೋರಾಗಿ ಒದರುತ್ತ ಅವಳ ಆಡು. ಜನ ನಕ್ಕರು. ನಗುತ್ತ ಕೆಲವರು ಅತ್ತೂಬಿಟ್ಟರು.

ಪಂಕ್ತಿ ಕೂತಿತು. ಕೇತಯ್ಯ ಜೋಳದ ನುಚ್ಚು ಬಡಿಸುತ್ತ ಬಂದ. ಪಂಕ್ತಿಯ ಕೊನೆಗೆ, ಅವ್ವನ ಪಕ್ಕದಲ್ಲಿ, ಕೈಕಟ್ಟಿಸಿಕೊಂಡ ಆ ಚೂರಿಯವನಿದ್ದ. ಈಗ ನಗುತ್ತಿರಲಿಲ್ಲ.

ಕೇತಯ್ಯ ಸೌಟು ಹಿಡಿದು ನಿಂತ.

"ಆ ಸೀಳು ಸಿಗದಿದ್ರ, ಅವ್ವ? ಆಗ ನಂದ ಖರೆ ಆಗ್ತಿತ್ತಲ್ಲ?"

ಅವ್ವ ಪಕ್ಕದವನ ಮುಂದೆ ಎಲೆ ಹಾಸಿದಳು.

"ಮೊದಲ ಅಂವನ ಬಲಗೈ ಬಿಚ್ಚು, ಕೇತಯ್ಯ. ನುಚ್ಚು ಉಣ್ಣಾಕ ಬೆರಳು ಬೇಕು."