ಬಟ್ಟೆ ಕಪ್ಪೆ

ಕಾಳಿಂಗ ಬೆಸ್ತರ ಮನೆಯಲ್ಲಿ ಹುಟ್ಟಿದವನು. ಮಠ ಸೇರಿದ ದಿನ ಮೀನು ತಿನ್ನುವುದನ್ನು ಬಿಟ್ಟ. ಹಿಡಿಯುವುದನ್ನು ಬಿಡಲಾಗಲಿಲ್ಲ.

ಅವನ ಗುರುವನ್ನು ಜನ ತೋಪಿನಯ್ಯ ಎನ್ನುತ್ತಿದ್ದರು. ಹೊಳೆದಂಡೆಯ ಮಾವಿನ ತೋಪಿನಲ್ಲಿ ಅವರ ಮಠ. ಮಠವೆಂದರೆ ಎರಡು ಕೋಣೆ, ಒಂದು ಜಗಲಿ, ಒಂದು ಹಿತ್ತಿಲು.

"ಮೂರು ವರ್ಷ ನಿನ್ನ ಕೈಯಿಂದ ಒಂದು ಜೀವವೂ ಹೋಗಬಾರದು. ಆಮೇಲೆ ಕಾವಿ ಕೊಡ್ತೀನಿ," ಎಂದಿದ್ದರು ಅಯ್ಯ.

ಬರುವ ಹುಣ್ಣಿಮೆಗೆ ಆ ಮೂರು ವರ್ಷ ತುಂಬುತ್ತಿತ್ತು.

ಕಾಳಿಂಗ ಹಿತ್ತಿಲಲ್ಲಿ ಒಂದು ಹೊಂಡ ತೋಡಿದ್ದ. ಹೊಳೆಯ ದೊಡ್ಡ ದೊಡ್ಡ ಕೊರವ ಮೀನುಗಳನ್ನು ಗಾಳದಲ್ಲಿ ಹಿಡಿದು, ಬಾಯಿಯ ಗಾಯಕ್ಕೆ ಅರಿಶಿನ ಹಚ್ಚಿ, ಅದರಲ್ಲಿ ಬಿಡುತ್ತಿದ್ದ. ತೊಡೆಯಷ್ಟು ದಪ್ಪ, ಹಾವಿನಂಥ ತಲೆ. ಉಸಿರಿಗೆಂದು ಮೇಲೆ ಬಂದು, ಗುಳುಕ್ ಎಂದು ಮುಳುಗುತ್ತಿದ್ದವು.

ನೋಡಲು ಜನ ಬಂದರು. ಅಯ್ಯನ ಮಾತು ಕೇಳಲು ಹತ್ತು ಜನ ಬಂದರೆ ಮೀನು ನೋಡಲು ಐವತ್ತು. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಮಾತು ಕಣ್ಣಿಗೆ ಕಾಣುವ ಸರಕಲ್ಲ.

ಕಾಳಿಂಗ ಹೊಂಡದ ಏರಿಯ ಮೇಲೆ ನಿಂತು ಬಂದವರಿಗೆ ಹೇಳುತ್ತಿದ್ದ:

"ನೋಡಿ, ಆಸೆಪಟ್ಟ ಮೀನೇ ಗಾಳಕ್ಕೆ ಬೀಳೋದು. ಹಸಿವು ತಾಳಿಕೊಂಡ ಮೀನು ಹೊಳೆಯಲ್ಲೇ ಸುಖವಾಗಿರ್ತದೆ. ಮನುಷ್ಯನೂ ಹಾಗೇ."

"ಸಾರು ಮಾಡಿದ್ರೆ ಇಡೀ ಬೀದಿಗೆ ಆಗ್ತದಲ್ಲ ಸ್ವಾಮೀ," ಎಂದಳು ತೆಂಗಿನಕಾಯಿ ಮಾರುವ ಗಿರಿಜವ್ವ.

"ನಿನಗಿನ್ನೂ ಆಸೆ ಹೋಗಿಲ್ಲ ಕಣವ್ವ."

"ನಿಮಗೆ ಹೋಗಿದೆಯಲ್ಲ, ಮತ್ತೆ ಗಾಳ ಯಾಕೆ ಇಟ್ಕೊಂಡಿದ್ದೀರಿ?"

ಜನ ನಕ್ಕರು. ಕಾಳಿಂಗನೂ ನಕ್ಕ, ಸ್ವಲ್ಪ ತಡವಾಗಿ.

ಹುಣ್ಣಿಮೆಗೆ ಐದು ದಿನ ಇರುವಾಗ, ಬೆಳಿಗ್ಗೆ, ಅವನು ಇನ್ನೊಂದು ಕೊರವ ಹೊತ್ತು ತಂದ. ಅಷ್ಟು ದೊಡ್ಡದು ಆ ಹೊಳೆಯಲ್ಲಿ ಇದೆ ಎಂದು ಅವನಿಗೇ ಗೊತ್ತಿರಲಿಲ್ಲ. ಅದನ್ನು ಎಣ್ಣೆ ಡಬ್ಬದ ನೀರಿನಲ್ಲಿ ಮಡಿಸಿ ಇಟ್ಟಂತಿತ್ತು.

ಅಯ್ಯ ಜಗಲಿಯಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಹೊಂಡದಲ್ಲಿ ಈಗ ಎಷ್ಟಿವೆಯೋ?"

"ಇದೂ ಸೇರಿ ನಾಲ್ಕು, ಬುದ್ಧೀ."

"ಏಳು ಇದ್ದವಲ್ಲ?"

"ಸಣ್ಣವನ್ನ ದೊಡ್ಡವು ತಿಂದವು."

"ನೀನು ಕೊಲ್ಲಲಿಲ್ಲ."

"ಇಲ್ಲ ಬುದ್ಧೀ. ಗಾಳಕ್ಕೂ ನಾನು ಜೀವ ಚುಚ್ಚೋದಿಲ್ಲ. ನೋಡಿ."

ಅವನು ಗಾಳ ತೋರಿಸಿದ. ತುದಿಯಲ್ಲಿ ಹಳೆಯ ಸೀರೆಯ ಚೂರಿನಿಂದ ಸುತ್ತಿದ ಒಂದು ಕಪ್ಪೆ. ಕಣ್ಣಿಗೆ ಎರಡು ಸಾಸಿವೆ ಕಾಳನ್ನು ಅಂಟಿಸಿದ್ದ. ಕೆಲಸ ಅಚ್ಚುಕಟ್ಟಾಗಿತ್ತು.

ಅಯ್ಯ ಅದನ್ನು ತಿರುಗಿಸಿ ನೋಡಿದರು. "ಬಟ್ಟೆಗೆ ಇಷ್ಟು ದೊಡ್ಡ ಮೀನು ಬಿತ್ತೇ?"

"ಆಸೆ ಬುದ್ಧೀ, ಆಸೆ."

"ಎಲ್ಲಿ ಎಸೆದರೂ ಬೀಳ್ತದೇನು?"

"ಎಲ್ಲಾದರೂ ಬಿದ್ದೀತೇ! ಅದಕ್ಕೊಂದು ಜಾಗ ಇದೆ, ನಮ್ಮಪ್ಪ ಹೇಳಿಕೊಟ್ಟ ಕಸುಬು. ಜೊಂಡಿನ ಸಂದಿಯಲ್ಲಿ ಕೆಂಪಗೆ ಕೊರವದ ಮರಿಗಳ ಹಿಂಡು ತೇಲ್ತಿರ್ತದೆ. ಅದರ ಪಕ್ಕಕ್ಕೆ ಬೀಳೋ ಹಾಗೆ ಎಸೀಬೇಕು. ಒಂದೇ ಏಟು. ನಾಲ್ಕು ಮೊಳ ಆಚೆ ಎಸೆದರೆ ದೊಡ್ಡದು ತಿರುಗಿಯೂ ನೋಡೋದಿಲ್ಲ."

ಅಯ್ಯ ಹುರುಳಿ ಮೊರವನ್ನು ಪಕ್ಕಕ್ಕಿಟ್ಟರು.

"ಆ ಜಾಗ ತೋರಿಸು, ನಡಿ."

ಹೊಳೆ ತಿರುಗುವಲ್ಲಿ ನೀರು ನಿಂತಿತ್ತು. ಜೊಂಡಿನ ನಡುವೆ ಕುಂಕುಮ ಚೆಲ್ಲಿದಂತೆ ಮರಿಗಳ ಹಿಂಡು. ಬೆಳಿಗ್ಗೆ ಮೊರದಗಲ ಇತ್ತು. ಈಗ ತಟ್ಟೆಯಗಲ.

ಕಾಳಿಂಗ ನೋಡುತ್ತಿದ್ದಂತೆ ಬೆರಳುದ್ದದ ಮೀನುಗಳು ನಾಲ್ಕು ಕಡೆಯಿಂದ ನುಗ್ಗಿದವು. ಹಿಂಡು ಚದುರಿತು, ಮತ್ತೆ ಕೂಡಿತು. ತಟ್ಟೆ ಇನ್ನೂ ಕಿರಿದಾಯಿತು. ನೀರುಕಾಗೆಯೊಂದು ಮುಳುಗಿ ಎದ್ದಿತು. ಅದರ ಕೊಕ್ಕಿನಲ್ಲಿ ಕೆಂಪು.

ಈ ಹಿಂಡನ್ನು ಅವನು ಚಿಕ್ಕಂದಿನಿಂದ ನೂರು ಸಲ ನೋಡಿದ್ದ. ಗಾಳ ಎಸೆಯುವ ಗುರುತು ಎಂದಷ್ಟೇ ನೋಡಿದ್ದ. ಗುರುತಿನ ಕೆಲಸ ಮುಗಿದ ಮೇಲೆ ಹಿಂದಿರುಗಿ ನೋಡಿದ್ದು ಇದೇ ಮೊದಲು.

"ಬುದ್ಧೀ..." ಅವನು ಮಠದ ಕಡೆ ತಿರುಗಿದ. "ಓಡಿ ಹೋಗಿ ಇವನ್ನ ಕಾಯ್ತಿದ್ದ ಮೀನನ್ನು ತರ್ತೀನಿ."

"ನೀನು ಓಡಿ ಬರೋಷ್ಟರಲ್ಲಿ ಇಲ್ಲಿ ಏನು ಉಳಿದಿರ್ತದೆ?"

"ಮತ್ತೆ?"

"ನಾನು ತರ್ತೀನಿ. ನೀನು ಇಳಿ."

"ನಿಮ್ಮಿಂದ ಆ ಡಬ್ಬ ಹೊರೋದಕ್ಕೆ ಆಗ್ತದೆಯೇ?"

"ನಿಧಾನ ಆಗ್ತದೆ. ಅಷ್ಟು ಹೊತ್ತು ನಿಲ್ಲು."

ಕಾಳಿಂಗ ಸೊಂಟದ ಮಟ್ಟ ನೀರಿಗೆ ಇಳಿದ. ಅಯ್ಯ ಕೋಲೂರಿಕೊಂಡು ಹೊರಟರು.

ಮೊದಲು ಅವನು ಕೈಯಿಂದ ನೀರು ಬಡಿದ. ಮೀನುಗಳ ಜೊತೆ ಮರಿಗಳೂ ಬೆದರಿದವು. ಬಡಿಯುವುದನ್ನು ಬಿಟ್ಟ. ಹೆಗಲ ವಸ್ತ್ರ ಬಿಚ್ಚಿ ನೀರಿನೊಳಗೆ ಗೋಡೆಯಂತೆ ಹಿಡಿದ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ನುಗ್ಗಿದವು. ಸುತ್ತುವುದನ್ನು ಕಲಿತ. ಮೆಲ್ಲಗೆ, ಕಾಲೆತ್ತದೆ, ಕೆಸರು ಕದಡದಂತೆ ಸುತ್ತಿದ.

ಸ್ವಲ್ಪ ಹೊತ್ತಿಗೆ ಮರಿಗಳು ಅವನ ನೆರಳಿಗೆ ಬಂದವು.

ಅಲ್ಲಿಂದ ಅವನು ನೆರಳನ್ನು ಅಲುಗಿಸಲಿಲ್ಲ. ನೀರುಕಾಗೆ ಮುಳುಗಿದರೆ ಕಾಲು ಅಡ್ಡ ಇಟ್ಟ. ಜಿಗಣೆ ಹತ್ತಿತು. ಹತ್ತಲಿ ಎಂದ. ಹೊತ್ತು ಏರಿತು, ನೆರಳು ಕುಗ್ಗಿತು, ಅವನು ಬಾಗಿ ನೆರಳನ್ನು ಹಿಗ್ಗಿಸಿದ. ಬೆನ್ನು ಸೆಳೆಯಿತು. ಬೆಳಿಗ್ಗೆಯ ಗಂಜಿ ಕುಡಿದಿಲ್ಲ ಎನ್ನುವುದು ನೆನಪಾಗಲಿಲ್ಲ. ಹುಣ್ಣಿಮೆಯೂ ನೆನಪಾಗಲಿಲ್ಲ.

ದಂಡೆಗೆ ಯಾರೋ ಬಂದ ಸದ್ದು. ಅವನು ತಲೆ ಎತ್ತಲಿಲ್ಲ.

ಪುಳಕ್.

ಹಿಂಡಿನ ಪಕ್ಕಕ್ಕೆ ಏನೋ ಬಿದ್ದು ಕುಪ್ಪಳಿಸಿತು. ಅದು ಏನೆಂದು ಕಣ್ಣು ತಿಳಿಯುವ ಮೊದಲೇ ಕೈ ಅದನ್ನು ಹಿಡಿದು ಹಿಸುಕಿತ್ತು.

ಅಂಗೈಗೆ ಬೆಂಕಿ ಹೊಕ್ಕಂತಾಯಿತು.

ಕೈ ಎತ್ತಿ ನೋಡಿದ. ಬೆರಳುಗಳ ನಡುವೆ ಬಟ್ಟೆ ಕಪ್ಪೆ. ಗಾಳದ ಮುಳ್ಳು ಅಂಗೈಯೊಳಗೆ ಪೂರ್ತಿ ಇಳಿದಿತ್ತು. ದಾರದ ಆ ತುದಿಯಲ್ಲಿ, ದಂಡೆಯ ಮೇಲೆ, ಅಯ್ಯ ಕೂತಿದ್ದರು. ಮೈಯೆಲ್ಲ ಬೆವರು. ಪಕ್ಕದಲ್ಲಿ ಎಣ್ಣೆ ಡಬ್ಬ.

ಕಾಳಿಂಗ ಮುಳ್ಳು ಚುಚ್ಚಿದ ಕೈಯನ್ನು ಮೇಲೆ ಹಿಡಿದು, ಇನ್ನೊಂದು ಕೈಯ ವಸ್ತ್ರವನ್ನು ಮರಿಗಳ ಮೇಲಿಂದ ತೆಗೆಯದೆ, ನಿಂತೇ ಇದ್ದ.

ಅಯ್ಯ ಗಾಳದ ಕೋಲನ್ನು ಕೆಳಗಿಟ್ಟರು. ಡಬ್ಬ ಎತ್ತಿಕೊಂಡು, ಪಂಚೆ ನೆನೆಸಿಕೊಂಡು ನೀರಿಗೆ ಇಳಿದರು. ಡಬ್ಬವನ್ನು ಮೆಲ್ಲಗೆ ವಾಲಿಸಿದರು.

ಕೊರವ ಒಂದು ಗಳಿಗೆ ಅಲ್ಲೇ ನಿಂತಿತು. ಅರಿಶಿನ ಹತ್ತಿದ ಬಾಯಿ ತೆರೆದು ಮುಚ್ಚಿತು. ಆಮೇಲೆ ತಳಕ್ಕೆ ಇಳಿದು, ಕಾಳಿಂಗನ ಎರಡು ಕಾಲುಗಳ ನಡುವಿನಿಂದ ಹಾದು, ಹಿಂಡಿನ ಕೆಳಗೆ ಹೋಗಿ ನಿಂತಿತು.

ಬೆರಳುದ್ದದ ಮೀನುಗಳು ಆಗಲೇ ಕಾಣೆಯಾಗಿದ್ದವು.

ಕಾಳಿಂಗ ವಸ್ತ್ರ ಮಡಿಸಿದ.

"ಎಷ್ಟು ಹೋದವೋ ಗೊತ್ತಿಲ್ಲ ಬುದ್ಧೀ. ಈ ಹುಣ್ಣಿಮೆಗೆ ಕಾವಿ ಬೇಡ."

ಅಯ್ಯ ಅವನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಮುಳ್ಳನ್ನು ಹಿಂದಕ್ಕೆ ಎಳೆಯದೆ, ಮುಂದಕ್ಕೇ ತಳ್ಳಿ, ನೋವಾಗದ ಹಾಗೆ, ಆದಷ್ಟು ನಿಧಾನವಾಗಿ ಬಿಡಿಸತೊಡಗಿದರು.

ಬಿಡಿಸುತ್ತಲೇ, ತಾಯಿ ಮಗುವನ್ನು ಕೇಳುವ ದನಿಯಲ್ಲಿ ಕೇಳಿದರು:

"ತುಂಬಾ ಹಸಿವಾಗಿತ್ತೇನಪ್ಪಾ?"