ವೈದ್ಯರ ಸಾಲು ಅಂದುಕೊಂಡು ನಿಂತವನು

ಡಂಗುರದವನು ಇನ್ನೂ ಬಾಯಿ ತೆರೆದಿಲ್ಲ, ಅಷ್ಟರಲ್ಲಿ ನಿನಗೆ ನೀರು ಬೇಕು, ಆಮೇಲೆ ಉಪ್ಪಿನಕಾಯಿ ಬೇಕು. ಮತ್ತೆ ಮತ್ತೆ ಹೀಗೆ ಅಡ್ಡ ಬಂದರೆ ನಾನು ಕತೆ ಹೇಳುವುದು ಯಾವಾಗ, ಲಿಖಿತಾ? ತುತ್ತು ನುಂಗು, ಕೇಳು. ಅವನು ಸಾರಿದ್ದು ಹೀಗೆ:

"ಕೇಳಿರಪ್ಪೋ ಕೇಳಿ! ನಮ್ಮ ದೊರೆ ತಿಪ್ಪರಸರು ಹೊಸ ವೈದ್ಯಶಾಲೆ ಕಟ್ಟಿಸುತ್ತಾರೆ. ಬೆಳಿಗ್ಗೆ ಬಂದ ರೋಗಿ ಮದ್ದು ತೆಗೆದುಕೊಂಡು ಸಂಜೆಯೊಳಗೆ ಮನೆ ಸೇರಬೇಕು, ಅಂಥ ಶಾಲೆ. ಹೇಗೆ ಕಟ್ಟಬೇಕೆಂದು ತಿಳಿದವರು ಬನ್ನಿ. ರಾಜಕುಮಾರಿ ಪದ್ಮಾಜಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯ ಜೊತೆ ಮದುವೆ. ತಪ್ಪಿದವನ ತಲೆ ಸೋಮವಾರ ಹಾರುತ್ತದೆ!"

ತಲೆ ಯಾಕಮ್ಮ ಎಂದು ದೊರೆಯೇ ಮಗಳನ್ನು ಕೇಳಿದ.

"ತಪ್ಪಾಗಿ ಕಟ್ಟಿದರೆ ಸಾಯುವವರು ರೋಗಿಗಳು ಅಪ್ಪಾಜಿ. ಕಟ್ಟುವವನಿಗೂ ಸ್ವಲ್ಪ ಜೀವಭಯ ಇರಲಿ."

ಇದು ನ್ಯಾಯವೋ ಅನ್ಯಾಯವೋ ದೊರೆಗೆ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿದ.

ಚಾಪೆ ಹೆಣೆಯುವ ಸಣ್ಣೀರನ ಊರಿಗೆ ಡಂಗುರ ಮುಟ್ಟಲೇ ಇಲ್ಲ. ಅವನ ತಾಯಿಗೆ ನಡೆಯಲಾಗುತ್ತಿರಲಿಲ್ಲ. ಎಲ್ಲಿ ನೋವು ಅಂದರೆ "ಏನಿಲ್ಲ ಬಿಡೋ" ಅನ್ನುತ್ತಿದ್ದಳು. ಅರಮನೆಯ ವೈದ್ಯರಿಗೆ ತೋರಿಸೋಣ ಎಂದು ಅವನು ಅವಳನ್ನು ಬೆನ್ನಿಗೆ ಹೊತ್ತುಕೊಂಡು ಬಂದ. ಅರಮನೆಯ ಅಂಗಳದಲ್ಲಿ ಎರಡು ಸಾಲು. ಈ ಕಾವಲುಗಾರನನ್ನು ಕೇಳಿದರೆ ಅವನನ್ನು ಕೇಳು ಅಂದ. ಅವನನ್ನು ಕೇಳಿದರೆ ಇವನನ್ನು ಕೇಳು ಅಂದ. ಸಣ್ಣೀರ ಗಿಡ್ಡ ಸಾಲಿಗೆ ನಿಂತ. ಅದು ಯಾಕೆ ಗಿಡ್ಡ ಎಂದು ಯೋಚಿಸಲಿಲ್ಲ.

ಅವನ ಮುಂದೆ ಇಬ್ಬರಿದ್ದರು, ಒಬ್ಬ ನೆರೆರಾಜ್ಯದ ಯುವರಾಜ, ಇನ್ನೊಬ್ಬ ಹೆಸರಾಂತ ಶಿಲ್ಪಿ.

ಸಾಲು ಸಭೆಯೊಳಗೆ ಸರಿದಾಗ ಪದ್ಮಾಜಿ ಕೇಳಿದಳು. "ಏಳು ಬಾಗಿಲಿನ ಮನೆ. ಏಳೂ ತೆರೆದಿವೆ. ಬಂದವನು ಮಾತ್ರ ಬಿಸಿಲಿನಲ್ಲೇ ನಿಂತಿದ್ದಾನೆ. ಯಾಕೆ?"

"ಅವನು ವಿರಾಗಿ, ರಾಜಕುಮಾರಿ. ಅವನಿಗೆ ಸಂಸಾರದ ಬಾಗಿಲು ಬೇಡ" ಎಂದ ಯುವರಾಜ. ಭಟರು ಅವನನ್ನು ಎತ್ತಿಕೊಂಡು ಹೋಗಿ ಸೆರೆಗೆ ಹಾಕಿದರು.

"ಬಾಗಿಲು ಬೆಸಸಂಖ್ಯೆ, ವಾಸ್ತು ಕೆಟ್ಟಿದೆ. ಒಳಗೆ ಹೋಗಲು ಹೆದರಿದ್ದಾನೆ" ಎಂದ ಶಿಲ್ಪಿ. ಅವನನ್ನೂ ಎತ್ತಿಕೊಂಡು ಹೋದರು.

ಸಣ್ಣೀರ ಕಣ್ಣು ಕಣ್ಣು ಬಿಟ್ಟ. "ಬುದ್ಧೀ, ಇಲ್ಲಿ ವೈದ್ಯರು ಯಾರು? ಆ ಇಬ್ಬರನ್ನ ಹೊತ್ಕೊಂಡೇ ಹೋದ್ರಲ್ಲ, ಅಷ್ಟು ಜೋರಾ ಕಾಯಿಲೆ?"

ಸಭೆ ನಕ್ಕಿತು. ಮಂತ್ರಿ ನಗಲಿಲ್ಲ. "ಉತ್ತರ ಹೇಳು, ಇಲ್ಲ ತಲೆ ಕೊಡು."

"ಸಾಲು ತಪ್ಪಿ ಬಂದೆ, ಬಿಟ್ಟುಬಿಡಿ ಬುದ್ಧೀ."

"ನಿಂತ ಮೇಲೆ ಮುಗಿಯಿತು."

ಬೆನ್ನ ಮೇಲಿದ್ದ ತಾಯಿ ಗೊಣಗಿದಳು. "ಇನ್ನೊಬ್ಬರನ್ನ ಕೇಳು ಅಂದೆ. ಕೇಳಿದೆಯಾ?"

"ಯಾರನ್ನ ಕೇಳಲವ್ವ? ಬೆಳಿಗ್ಗೆಯಿಂದ ನೋಡ್ತಿದೀನಿ, ಬಾಗಿಲೆಲ್ಲ ತೆರೆದೇ ಇವೆ. ನಮ್ಮದು ಯಾವುದು ಅಂತ ಯಾರೂ ಹೇಳಲ್ಲ. ಬಿಸಿಲಲ್ಲಿ ನಿಲ್ಲದೆ ಇನ್ನೇನು ಮಾಡಲಿ?"

"ಸರಿ" ಎಂದಳು ಪದ್ಮಾಜಿ.

"ಏನು ಸರಿ ತಾಯಿ?"

"ಮೊದಲನೆಯದು ಬಿಡಿಸಿದೆ. ಎರಡನೆಯದು ಕೇಳು. ಒಬ್ಬಳೇ ರೋಗಿ. ಅವಳಿಗೆಂದು ನಾಲ್ಕು ಮಣೆ ಹಾಕಿದೆ. ಆದರೂ ಅವಳಿಗೆ ಕೂರಲು ಜಾಗವಿಲ್ಲ. ಯಾಕೆ?"

ತಾಯಿಯೇ ಬಾಯಿ ಹಾಕಿದಳು. "ಇದೇನು ದೊಡ್ಡ ಮಾತು? ಹಿಂದಿನ ಸಲ ಪಂಡಿತರ ಹತ್ತಿರ ಹೋದಾಗ ನಿನ್ನ ಚಿಕ್ಕಮ್ಮ, ಅವಳ ಗಂಡ, ಬುತ್ತಿ ಹೊತ್ತ ಮಗಳು, ದಾರಿ ಗೊತ್ತು ಅಂತ ಬಂದ ಪಕ್ಕದ ಮನೆಯವನು, ಎಲ್ಲ ಜಗಲಿ ಹಿಡಿದರು. ನಾನು ಕಂಬ ಹಿಡಿದಿದ್ದೆ."

"ಹೌದು ತಾಯಿ" ಎಂದ ಸಣ್ಣೀರ. "ಜೊತೆಗೆ ಬಂದವರು ಕೂತಿದಾರೆ. ಮಣೆ ಹಾಕಿದವರು ಅವರನ್ನ ಲೆಕ್ಕಕ್ಕೇ ಹಿಡಿದಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಪದ್ಮಾಜಿಯ ದನಿ ಈಗ ತಗ್ಗಿತು.

"ಮೂರನೆಯದು. ಒಂದೇ ಒಂದು ಮಾತು ಹೇಳಬೇಕೆಂದು ಒಬ್ಬಳು ಹೋದಳು. ಯಾರಿಗೆ ಹೇಳಬೇಕೋ ಅವರ ಎದುರೇ ಕೂತಳು. ಹೇಳದೆ ಎದ್ದು ಬಂದಳು. ಯಾಕೆ?"

ಸಣ್ಣೀರ ಮನಸ್ಸಿನಲ್ಲೇ ಉತ್ತರ ಹುಡುಕಿದ. ಮರೆತಳೇ? ಮೂಗಿಯೇ? ಕೋಪವೇ? ಒಂದೊಂದೂ ಸರಿ ಅನ್ನಿಸಿತು, ಒಂದೊಂದೂ ತಪ್ಪು ಅನ್ನಿಸಿತು. ತಾಯಿಯನ್ನು ಮೆಲ್ಲಗೆ ಕೆಳಗಿಳಿಸಿದ.

"ಗೊತ್ತಿಲ್ಲವ್ವ. ಸೋಮವಾರ ನನ್ನ ತಲೆ ಹೋದರೆ ನಿನ್ನನ್ನ ಹೊರೋರು ಯಾರು? ನಿನಗೆ ಏನು ನೋವು ಅಂತ ಈಗಲಾದರೂ ಹೇಳು. ಇವರಲ್ಲಿ ಯಾರಾದರೂ ಮದ್ದು ಕೊಡಲಿ."

ತಾಯಿ ಮಂತ್ರಿಯನ್ನು ನೋಡಿದಳು, ಈಟಿ ಹಿಡಿದವರನ್ನು ನೋಡಿದಳು, ಮಗನನ್ನು ನೋಡಿದಳು. ಸೆರಗು ಮುಖಕ್ಕೆ ಎಳೆದುಕೊಂಡಳು.

"ಇಷ್ಟು ಗಂಡಸರ ಮುಂದೆ ಹೆಂಗಸಿನ ನೋವು ಹೇಳಕ್ಕಾಗುತ್ತೇನೋ? ನೀನು ಬೇರೆ ಇಲ್ಲೇ ನಿಂತಿದೀಯ. ಸತ್ತರೂ ಹೇಳಲ್ಲ."

ಪದ್ಮಾಜಿ ಪೀಠದಿಂದ ಎದ್ದೇಬಿಟ್ಟಳು. "ಅದೇ ಉತ್ತರ" ಎಂದಳು.

"ಯಾವುದು?" ಎಂದ ಸಣ್ಣೀರ. "ಯಾವುದು?" ಎಂದ ದೊರೆಯೂ.

"ಅಪ್ಪಾಜಿ, ನಮ್ಮಮ್ಮ ವೈದ್ಯರ ಎದುರು ಕೂತ ದಿನ ಸುತ್ತ ನೀವೆಲ್ಲ ನಿಂತಿದ್ದಿರಿ. ಏನಿಲ್ಲ ಎಂದು ಹೇಳಿ ಎದ್ದು ಬಂದಳು. ಆ ಏನಿಲ್ಲವೇ ಅವಳನ್ನು ಕೊಂದಿತು." ಮತ್ತೆ ಎಲ್ಲರಿಗೂ ಬಿಡಿಸಿ ಹೇಳಿದಳು. ವೈದ್ಯಶಾಲೆಗೆ ಹೊಕ್ಕೊಡನೆ ಎದುರಿಗೇ ಒಬ್ಬರು ಕೂತಿರಬೇಕು, ಬಂದವರಿಗೆ ದಾರಿ ಹೇಳಬೇಕು. ಜೊತೆಗೆ ಬಂದವರಿಗೆ ಬೇರೆ ಜಗಲಿ, ನೆರಳು, ನೀರು ಇರಬೇಕು. ವೈದ್ಯರ ಕೋಣೆಗೆ ಗೋಡೆ ಇರಬೇಕು, ಮುಚ್ಚುವ ಬಾಗಿಲಿರಬೇಕು.

"ಅರ್ಧ ರಾಜ್ಯ ಯಾವ ಕಡೆಯದು ಬೇಕು?" ಎಂದು ದೊರೆ ಕೇಳಿದ.

"ಮೊದಲು ಅವ್ವನನ್ನ ಯಾರಾದರೂ ನೋಡಲಿ ಬುದ್ಧೀ" ಎಂದ ಸಣ್ಣೀರ.

ಪದ್ಮಾಜಿ ಸಭೆಯನ್ನೇ ಖಾಲಿ ಮಾಡಿಸಿದಳು. ದೊರೆಯನ್ನೂ ಬಿಡಲಿಲ್ಲ, ಸಣ್ಣೀರನನ್ನೂ ಬಿಡಲಿಲ್ಲ. ವಯಸ್ಸಾದ ಒಬ್ಬ ವೈದ್ಯಗಿತ್ತಿ ಮಾತ್ರ ಒಳಗೆ ಉಳಿದಳು. ಬಾಗಿಲು ಮುಚ್ಚಿತು. ತಾಯಿ ಬಹಳ ಹೊತ್ತು ಮಾತಾಡಿದಳು. ಮದ್ದು ಸಿಕ್ಕಿತು. ಮಳೆಗಾಲ ಮುಗಿಯುವಷ್ಟರಲ್ಲಿ ತಾನೇ ನಡೆದು ಬಂದು ಹೊಸ ಶಾಲೆಯ ಪಾಯಕ್ಕೆ ಮೊದಲ ಕಲ್ಲು ಇಟ್ಟಳು. ಯುವರಾಜ, ಶಿಲ್ಪಿ ಇಬ್ಬರ ತಲೆಯನ್ನೂ ಸಣ್ಣೀರ ಬೇಡಿ ಉಳಿಸಿದ. ಬಂದವರಿಗೆ ದಾರಿ ತೋರಿಸುವ ಕೆಲಸ ಅವರಿಗೆ ಬಿತ್ತು. ಮದುವೆಯೂ ಆಯಿತು. ಅರ್ಧ ರಾಜ್ಯ ಇಟ್ಟುಕೊಂಡು ಏನು ಮಾಡುವುದೆಂದು ಮಾತ್ರ ಸಣ್ಣೀರನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಲಿಖಿತಾ ಕೊನೆಯ ತುತ್ತು ನುಂಗಿ ನನ್ನ ಮುಖವನ್ನೇ ನೋಡಿದಳು.

"ಅಮ್ಮಾ, ಮೊನ್ನೆ ಆಸ್ಪತ್ರೆಯಲ್ಲಿ ನೀನೂ ಡಾಕ್ಟರ ಎದುರು ಕೂತು, ಏನಿಲ್ಲ ಅಂತ ಹೇಳಿ ಎದ್ದು ಬಂದೆಯಲ್ಲ, ನೀನು ಏನು ಹೇಳಬೇಕು ಅಂತ ಹೋಗಿದ್ದೆ?"